ಅಲುಮಿತಾಳ ತಕರಾರು

ಅಪಿಸಾಯ್ ಎರಡೂ ಕೈ ಚಾಚಿ ತಂಬುವವನ್ನು ಮುಟ್ಟಿಬಿಟ್ಟ. ಮುಟ್ಟಿದ ಮೇಲೆ, ಎದುರಿಗೆ ಕೂತವನು ಇನ್ನೂ ಮಾತು ಮುಗಿಸಿಲ್ಲವೆಂಬುದು ಅವನಿಗೆ ಹೊಳೆಯಿತು.

ಬೆಳಗಿನಿಂದ ಅದು ಹದಿನಾಲ್ಕನೆಯ ತಂಡ. ಒಂದೊಂದು ಊರಿನವರೂ ಬಂದು, ತಗಡಿನ ಚಪ್ಪರದಡಿ ಹಾಸಿದ ಚಾಪೆಯ ಮೇಲೆ ಕೂತು, ಸತ್ತವಳ ಗುಣ ಹೇಳಿ, ನಾರಿನ ದಾರ ಕಟ್ಟಿದ ತಿಮಿಂಗಿಲದ ಹಲ್ಲನ್ನು ಮುಂದೆ ಹಿಡಿಯುತ್ತಿದ್ದರು. ಅದೇ ತಂಬುವ. ಮನೆತನದ ಪರವಾಗಿ ಮಾತಾಡುವ ಅಪಿಸಾಯ್, ಸತ್ತವಳ ತಮ್ಮ, ಮುಂದಕ್ಕೆ ಬಾಗಿ, "ಮುಟ್ಟಿದೆ. ನಿಮ್ಮ ದುಃಖ ನಮ್ಮ ದುಃಖ" ಎನ್ನುತ್ತಿದ್ದ. ಹಿಂದೆ ಕೂತವರು ಅಂಗೈ ಗುಳಿ ಮಾಡಿ ಮೂರು ಸಲ ತಟ್ಟುತ್ತಿದ್ದರು. ಹದಿಮೂರು ಸಲ ಹೀಗೇ ನಡೆದಿತ್ತು. ಹದಿನಾಲ್ಕನೆಯ ಸಲ ಎದುರಿಗೆ ಕೂತವನು ಕರೆಂಟ್ ಕಂಪನಿಯ ಮ್ಯಾನೇಜರ್ ನಾದನಿಯೇಲಿ. ಅವನ ಹಿಂದೆ ನೀಲಿ ಅಂಗಿ ತೊಟ್ಟ ಐದು ಜನ ನೌಕರರು, ತೋಳಿಗೆ ಕಪ್ಪು ಪಟ್ಟಿ.

"ಇನ್ನೊಂದು ಸಣ್ಣ ಮಾತು," ಎಂದ ನಾದನಿಯೇಲಿ, ಹಲ್ಲು ಅಪಿಸಾಯನ ಕೈ ಸೇರಿದ ಮೇಲೆ. ಅವನ ದನಿ ಬೆಣ್ಣೆಯಷ್ಟು ಮೆತ್ತಗಿತ್ತು. "ಅಲುಮಿತಾ ಅಕ್ಕನಿಗೂ ಕಂಪನಿಗೂ ಇದ್ದ ತಕರಾರು ಅವರ ಜೊತೆಗೇ ಮಣ್ಣು ಸೇರಲಿ. ಮಧ್ಯಾಹ್ನದ ಸಭೆಯಲ್ಲಿ ಈ ಮನೆಯಿಂದ ಯಾರೂ ಬಾಯಿ ತೆರೆಯದಿರಲಿ. ಈ ಹಲ್ಲಿನ ಹಿಂದಿರುವ ಬೇಡಿಕೆ ಇಷ್ಟೇ."

ಹಿಂದೆ ಕೂತವರ ಕೈಗಳು ಬೆಳಗಿನಿಂದ ಒಂದೇ ಕೆಲಸಕ್ಕೆ ಒಗ್ಗಿಹೋಗಿದ್ದವು. ಮಾತಿನ ಅರ್ಥ ತಲೆಗೆ ಇಳಿಯುವ ಮೊದಲೇ ಮೂರು ಚಪ್ಪಾಳೆ ಬಿದ್ದಾಗಿತ್ತು.

ಚಹಾದ ಕೆಟಲ್ ಹಿಡಿದು ಕಂಬದ ಪಕ್ಕ ನಿಂತಿದ್ದ ಉನೈಸಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಸತ್ತವಳು ಅವಳ ಅಮ್ಮ. ಒಳಗೆ ಹೊಸ ಚಾಪೆಗಳ ಮೇಲೆ ಪೆಟ್ಟಿಗೆಯಲ್ಲಿ ಮಲಗಿದ್ದಾಳೆ. ಹನ್ನೊಂದಕ್ಕೆ ಮಣ್ಣು. ಎರಡು ಗಂಟೆಗೆ ಪೇಟೆಯ ಸಭಾಭವನದಲ್ಲಿ ದರ ಆಯೋಗದ ಸಭೆ. ಕಂಪನಿ ಕರೆಂಟಿನ ದರ ಏರಿಸಬೇಕಾದರೆ ಆಯೋಗ ಒಪ್ಪಬೇಕು, ಒಪ್ಪುವ ಮೊದಲು ಜನರ ತಕರಾರು ಕೇಳಬೇಕು. ಕಾನೂನು ಹಾಗಿದೆ. ಅದಕ್ಕೆಂದೇ ಮೂವರು ರಾಜಧಾನಿಯಿಂದ ಬೆಳಗಿನ ವಿಮಾನದಲ್ಲಿ ಬಂದಿದ್ದರು, ನಾಲ್ಕರ ಹಡಗಿಗೆ ಹೊರಡುವವರಿದ್ದರು. ಇಡೀ ದ್ವೀಪದಿಂದ ತಕರಾರು ಬರೆದುಕೊಟ್ಟಿದ್ದವಳು ಅಲುಮಿತಾ ಒಬ್ಬಳೇ. ಇವತ್ತು ಆ ಹೆಸರು ಕೂಗಿದಾಗ ಯಾರೂ ಏಳದಿದ್ದರೆ, ಮೂರನೇ ಒಂದು ಭಾಗದಷ್ಟು ದರ ಹೆಚ್ಚಳವನ್ನು ದ್ವೀಪ ಹಾಗೇ ನುಂಗಿಕೊಂಡಂತೆ.

ತಂಬುವ ಮುಟ್ಟಿದರೆ ಬೇಡಿಕೆ ಒಪ್ಪಿದಂತೆ. ನಮ್ಮಲ್ಲಿ ಅದಕ್ಕೆ ಕಾಗದ ಬೇಡ, ಸಹಿ ಬೇಡ, ಕೋರ್ಟೂ ಬೇಡ. ಪಕ್ಕದೂರಲ್ಲೇ ಹುಟ್ಟಿ ಬೆಳೆದ ನಾದನಿಯೇಲಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದ, ಬೇವಾರ್ಸಿ.

*

ಅಲುಮಿತಾ ಪವರ್‌ಹೌಸಿನಲ್ಲಿ ಇಪ್ಪತ್ತಾರು ವರ್ಷ ಚಹಾ ಮಾಡಿದಳು, ನೆಲ ಒರೆಸಿದಳು. ಗಂಡನ ಊರು ದ್ವೀಪದ ಆಚೆ ಮಗ್ಗುಲಿಗಿತ್ತು. ಉನೈಸಿಗೆ ನಾಲ್ಕು ತುಂಬುವ ಮೊದಲೇ ಗಂಡ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ತವರಿಗೆ ಬಂದವಳು, ಮೂರನೆಯ ವಾರಕ್ಕೆ ಪವರ್‌ಹೌಸಿನ ಗೇಟಿನ ಮುಂದೆ ನಿಂತು, "ಏನಾದ್ರೂ ಕೆಲಸ ಕೊಡಿ, ಸುಮ್ನೆ ಕೂತು ತಿನ್ನೋಕೆ ಬರಲ್ಲ ನನಗೆ" ಎಂದಿದ್ದಳಂತೆ.

ಡೀಸೆಲ್ ಟ್ಯಾಂಕಿನ ಅಳತೆ ಅವಳ ಕೆಲಸವಲ್ಲ. ಅದು ಎಂಜಿನಿಯರನ ಕೆಲಸ. ಆದರೆ ಎಂಜಿನಿಯರನಿಗೆ ಹೊಟ್ಟೆ ದೊಡ್ಡದು, ಏಣಿ ಕಿರಿದು. "ಅಲುಮಿತಾ, ಹಾಗೇ ಸ್ವಲ್ಪ ನೋಡ್ಬಿಡಮ್ಮ" ಎಂದು ಒಂದು ದಿನ ಶುರುವಾದದ್ದು ಇಪ್ಪತ್ತಾರು ವರ್ಷ ನಡೆಯಿತು. ದಿನಾ ಬೆಳಿಗ್ಗೆ ಐದಕ್ಕೆ, ಒಲೆಗೆ ನೀರಿಟ್ಟು, ಅದು ಕುದಿಯುವುದರೊಳಗೆ ಏಣಿ ಹತ್ತಿ, ಮುಚ್ಚಳ ತೆಗೆದು, ಗೀರು ಹಾಕಿದ ಬಿದಿರು ಇಳಿಸಿ, ನೆಂದ ಜಾಗ ನೋಡಿ, ಕೆಳಗಿಳಿದು ಹೇಳುತ್ತಿದ್ದಳು. ಎಂಜಿನಿಯರ್ ಬರೆದುಕೊಳ್ಳುತ್ತಿದ್ದ. ದ್ವೀಪ ಒಂದು ವಾರಕ್ಕೆ ಎಷ್ಟು ಎಣ್ಣೆ ಸುಡುತ್ತದೆಂದು ಅವಳಷ್ಟು ಬಲ್ಲವರು ಇರಲಿಲ್ಲ. ಕ್ರಿಸ್‌ಮಸ್ಸಿಗೆ ಎಷ್ಟು ಹೆಚ್ಚು, ಬಿರುಗಾಳಿ ಬೀಸಿ ತಂತಿ ಹರಿದ ವಾರ ಎಷ್ಟು ಕಡಿಮೆ, ಎಲ್ಲ ಬಾಯಲ್ಲೇ ಇತ್ತು.

ಆಮೇಲೆ ಹಳೇ ಕಂಪನಿ ಕೈ ಬದಲಾಯಿತು. ಹೊಸಬರು ದರ ಏರಿಸಲು ಮೊದಲ ಅರ್ಜಿ ಹಾಕಿದರು. ಅದರ ನಕಲನ್ನು ಅಂಚೆ ಕಚೇರಿಯ ಗೋಡೆಗೆ ಅಂಟಿಸಿದ್ದರು. ಗೋಡೆಗೆ ಅಂಟಿಸಿದ ಕಾಗದವನ್ನು ಓದುವವರು ಯಾರು? ಅಲುಮಿತಾ ಓದಿದಳು. ವಾರಕ್ಕೊಂದು ಟ್ಯಾಂಕ್ ಪೂರ್ತಿ ಖಾಲಿಯಾಗುತ್ತದೆ, ಡೀಸೆಲ್ ಖರ್ಚು ತಡೆಯಲಾಗುತ್ತಿಲ್ಲ ಎಂದು ಬರೆದಿತ್ತು. ಅಲ್ಲೇ ನಿಂತು ಜೋರಾಗಿ ನಕ್ಕಳು.

"ಖಾಲಿಯಂತೆ! ಇವರೇನು ಎಣ್ಣೆ ಕುಡೀತಾರಾ?"

ಅದನ್ನೇ ಪವರ್‌ಹೌಸಿನಲ್ಲೂ ಹೇಳಿದಳು, ಬಾಯಿ ಸುಮ್ಮನಿರಬೇಕಲ್ಲ. ಮುಂದಿನ ತಿಂಗಳು ಟ್ಯಾಂಕಿನ ಮುಚ್ಚಳಕ್ಕೆ ಬೀಗ ಬಿತ್ತು. ಚಹಾಕ್ಕೆ ಮಷೀನು ಬಂತು. ಅಲುಮಿತಾಳ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ತಟ್ಟಿ ಮನೆಗೆ ಕಳಿಸಿದರು. ಬೀಗ ತೆಗೆದು ಎಣ್ಣೆ ತುಂಬುವ ಕೆಲಸ ಅಪಿಸಾಯನ ಮಗ ಪೆನಿಯಾಸಿಗೆ ಸಿಕ್ಕಿತು. ಅತ್ತೆಯ ಕೈತುತ್ತು ತಿಂದು ಬೆಳೆದವನು ಅವನು. ಸಂಬಳದ ಕೆಲಸ ದ್ವೀಪದಲ್ಲಿ ಬೇರೆ ಎಲ್ಲಿದೆ? ಅತ್ತೆಯ ಮುಂದೆ ಅವನು ಟ್ಯಾಂಕಿನ ಮಾತೆತ್ತಲಿಲ್ಲ, ಅವಳೂ ಕೇಳಲಿಲ್ಲ.

*

ಅಡಿಗೆ ಕೊಟ್ಟಿಗೆಯ ಹಿಂದೆ ಕೆಸವಿನ ಗೆಡ್ಡೆಯ ರಾಶಿ. ಅಪಿಸಾಯನ ಮಗಳು ಕೆಲೆರಾ ಕಾಲು ಚಾಚಿ ಕೂತು ಸಿಪ್ಪೆ ಹೆರೆಯುತ್ತಿದ್ದಳು. ಅಪ್ಪನ ರಟ್ಟೆ ಹಿಡಿದು ಉನೈಸಿ ದರದರ ಎಳೆದು ತರುವುದನ್ನು ನೋಡಿ ಅವಳು ಸುಮ್ಮನಿರುತ್ತಾಳೆಯೇ? ಅತ್ತೆಯ ಮಗಳೆಂದರೆ ಕೀಟಲೆಗೆ ಹಕ್ಕಿದೆಯಲ್ಲ.

"ಏನೇ ಲಾರಿ ಡ್ರೈವರ್, ನಮ್ಮಪ್ಪನ್ನ ಮೂಟೆ ಥರ ಎಳ್ಕೊಂಡು ಬರ್ತಿದೀಯ?" ಉನೈಸಿ ಊರಿಂದ ಪೇಟೆಗೆ ಜನ ಸಾಗಿಸುವ ಲಾರಿ ಓಡಿಸುತ್ತಿದ್ದಳು.

"ನಿಮ್ಮಪ್ಪ ಮಾಡಿದ ಘನಂದಾರಿ ಕೆಲಸ ನೋಡ್ಲಿಲ್ವಾ ನೀನು?"

"ನೋಡ್ದೆ. ಆ ನಾದನಿಯೇಲಿ ಹಲ್ಲಿನ ಜೊತೆ ಒಂದು ಡ್ರಮ್ ಸೀಮೆಎಣ್ಣೆನೂ ತಂದಿದಾನೆ. ಕರೆಂಟ್ ಕಂಪನಿಯೋನು ಸೀಮೆಎಣ್ಣೆ ಹಂಚ್ತಾನೆ ಅಂದ್ರೆ, ಇನ್ಮುಂದೆ ನಮಗೆ ದೀಪದ ಬುಡ್ಡೀನೇ ಗತಿ ಅಂತ ಅವನಿಗೂ ಗೊತ್ತು."

ಉನೈಸಿ ನಗಲಿಲ್ಲ. "ಯಾಕೆ ಮುಟ್ಟಿದ್ರಿ ಮಾವ?"

"ಕೈ ಹೋಗ್ಬಿಡ್ತು ಕಣೇ." ಅಪಿಸಾಯನ ಹಣೆಯಲ್ಲಿ ಬೆವರು. "ಬೆಳಿಗ್ಗೆಯಿಂದ ಅದೇ ಮಾಡ್ತಿದ್ನಲ್ಲ. ಸಾವಿನ ಮನೆಗೆ ಬಂದೋನು ಕಾಣಿಕೆ ಒಳಗೆ ಗಾಳ ಇಟ್ಕೊಂಡು ಬರ್ತಾನೆ ಅಂತ ಯಾರು ಅಂದ್ಕೋತಾರೆ? ಬೇಡಿಕೆ ಇದ್ರೆ ಮೊದಲು ಹೇಳ್ಬೇಕು. ಕೊಟ್ಟಾದ್ಮೇಲೆ ಹೇಳಿದ, ಸೂಳೆಮಗ."

"ಹಾಗಾದ್ರೆ ಹೋಗಿ ವಾಪಸ್ ಕೊಟ್ಬಿಡಿ."

"ಹುಚ್ಚು ಹಿಡಿದಿದ್ಯಾ? ಹದಿಮೂರು ಊರಿನೋರು ನೋಡ್ತಾ ಕೂತಿದಾರೆ. ಮುಟ್ಟಿದ ತಂಬುವ ವಾಪಸ್ ಕೊಟ್ಟ ಮನೆತನ ಅಂದ್ರೆ ನಾಳೆ ನಮ್ಮಲ್ಲಿ ಸತ್ತರೆ ಹೊರೋಕೆ ನಾಲ್ಕು ಹೆಗಲು ಸಿಗಲ್ಲ. ಈ ಮನೇಲಿ ಹುಟ್ಟಿದ ಯಾವನಿಗೂ ಅದನ್ನ ವಾಪಸ್ ಕೊಡೋ ಬಾಯಿಲ್ಲ."

"ಅಮ್ಮ ಯಾಕೆ ಸತ್ಲು ಗೊತ್ತಾ ನಿಮಗೆ?"

"ಸಕ್ಕರೆ ಕಾಯಿಲೆ ಇತ್ತಲ್ಲ..."

"ಸಕ್ಕರೆ ಕಾಯಿಲೆ ಅಂತೆ! ಇಡೀ ದ್ವೀಪಕ್ಕೆ ಸಕ್ಕರೆ ಕಾಯಿಲೆ ಇದೆ, ಎಲ್ಲರೂ ಸತ್ರಾ?" ಉನೈಸಿಯ ದನಿ ಒಡೆಯಿತು. "ಶನಿವಾರ ನರ್ಸಮ್ಮ ಮನೆಗೆ ಬಂದು ಫ್ರಿಜ್ ತೆಗೆದು ಇನ್ಸುಲಿನ್ ಬಾಟ್ಲಿ ಎತ್ತಿ ನೋಡಿದ್ರು. ಇದು ಔಷಧಿ ಅಲ್ಲ, ಬರೀ ನೀರಾಗಿದೆ ಅಂದ್ರು. ತಣ್ಣಗಿರ್ಬೇಕಿತ್ತಂತೆ. ಹತ್ತು ತಿಂಗಳಿಂದ ಅಮ್ಮ ದಿನಾ ಸಂಜೆ ಫ್ರಿಜ್ ಆರಿಸಿ, ಬೆಳಿಗ್ಗೆ ಹಾಕ್ತಿದ್ಲು. ಕಳೆದ ಸಲ ದರ ಏರಿತಲ್ಲ, ಆವತ್ತಿಂದ. ಒಂದೇ ಮನೇಲಿದ್ದೆ ನಾನು. ಸ್ವಿಚ್ಚು ಆರಿಸೋ ಸದ್ದು ಕೇಳಿ, ಅಮ್ಮ ಜಿಪುಣಿ ಅಂತ ತಮಾಷೆ ಮಾಡ್ತಿದ್ದೆ. ದಿನಾ ನೀರು ಚುಚ್ಕೊಂಡು ಸತ್ಲು ಮಾವ ನಿಮ್ಮಕ್ಕ. ನೀವು ಅವರ ಹಲ್ಲು ಮುಟ್ಟಿ, ನಿಮ್ಮ ದುಃಖ ನಮ್ಮ ದುಃಖ ಅಂತ ಒಪ್ಕೊಂಡ್ರಿ."

ಕೆಲೆರಾಳ ಕೈಯ ಚಾಕು ನಿಂತಿತು. ಅಪಿಸಾಯ್ ತೆಂಗಿನ ದಿಮ್ಮಿಯ ಮೇಲೆ ಕುಕ್ಕರಿಸಿದ. ಅವನಿಗೆ ಇದು ಗೊತ್ತಿರಲಿಲ್ಲ. ತಪ್ಪು ತನ್ನದೇ ಎಂದು ಗೊತ್ತಾದ ಗಂಡಸು ಏನು ಮಾಡುತ್ತಾನೋ ಅದನ್ನೇ ಅವನೂ ಮಾಡಿದ. ರೇಗಿದ.

"ಸಾಕು ಬಾಯಿ ಮುಚ್ಚು! ಈ ಮನೆತನದ ಮಾತು ಆಡೋಕೆ ನೀನ್ಯಾರೇ? ನೀನು ನಿಮ್ಮಪ್ಪನ ಊರೋಳು. ಈ ಊರೋಳಲ್ಲ!"

ಆಡಿದ ಮೇಲೆ ಅವನೇ ನಾಲಿಗೆ ಕಚ್ಚಿಕೊಂಡ. ನಾಲ್ಕು ವರ್ಷದವಳಿದ್ದಾಗಿನಿಂದ ಹೆಗಲ ಮೇಲೆ ಹೊತ್ತು ಬೆಳೆಸಿದ ಮಗು. ಕೆಲೆರಾ ಎದ್ದು ನಿಂತಳು. "ಅಪ್ಪಾ, ಏನ್ ಮಾತು ಅಂತ ಆಡ್ತೀಯ ನೀನು?"

ಉನೈಸಿ ಮಾತ್ರ ಅವನನ್ನೇ ನೋಡುತ್ತಿದ್ದಳು. ಕಣ್ಣಿನ ನೀರು ಅಲ್ಲೇ ನಿಂತಿತ್ತು.

"ನಿಜ ಮಾವ," ಎಂದಳು ನಿಧಾನಕ್ಕೆ. "ನಾನು ಈ ಮನೇಲಿ ಹುಟ್ಟಿದೋಳಲ್ಲ. ನಾನು ಈ ಮನೆ ವಸು."

ಅಪಿಸಾಯ್ ತಲೆಯೆತ್ತಿದ.

ಹೆಣ್ಣುಮಗಳ ಮಕ್ಕಳು ಆಕೆಯ ತವರಿಗೆ ವಸು. ಗಂಡಾಗಲಿ ಹೆಣ್ಣಾಗಲಿ, ಸೋದರಮಾವನ ಊರಿನಲ್ಲಿ ರಾಶಿ ಬಿದ್ದ ಕಾಣಿಕೆಯಿಂದ ವಸು ಏನನ್ನು ಎತ್ತಿಕೊಂಡರೂ ಬೇಡ ಎನ್ನುವ ಹಾಗಿಲ್ಲ. ಎತ್ತಿಕೊಂಡವರನ್ನು ಮಾವನ ಮಕ್ಕಳು ಹಿಡಿದು ಬಡಿಯಬಹುದು, ಅದು ಅವರ ಹಕ್ಕು. ಆದರೆ ಬಡಿದರೂ ಎತ್ತಿಕೊಂಡದ್ದು ವಸುವಿನದೇ. ಹಿಂದೆ ಇದೇ ಹಕ್ಕಿನಲ್ಲಿ ದೋಣಿಗಳನ್ನೇ ಒಯ್ದವರಿದ್ದರು. ಈಗ ಮದುವೆಮನೆಯಲ್ಲಿ ಹುರಿದ ಕೋಳಿ ಕದ್ದು ಓಡುವ ತಮಾಷೆಯಾಗಿ ಉಳಿದಿದೆ.

"ಸಾವಿನ ಮನೇಲಿ ಯಾರೂ ಹಾಗೆ ಮಾಡಿಲ್ಲ," ಎಂದ ಅಪಿಸಾಯ್.

"ಸಾವಿನ ಮನೇಲಿ ಗಾಳ ಹಾಕಿದೋರೂ ಯಾರೂ ಇರ್ಲಿಲ್ಲ."

ಕೆಲೆರಾ ಚಾಕು ಬಿಸಾಕಿ, ಕೊಟ್ಟಿಗೆಯ ಮೂಲೆಯಿಂದ ಕಡ್ಡಿಪೊರಕೆ ಎತ್ತಿಕೊಂಡಳು. "ಹೋಗೇ, ಹೋಗು. ಬಡಿಯೋ ಕೆಲಸ ನನಗಿರಲಿ. ಚಿಕ್ಕಂದಿನಿಂದ ಬಾಕಿ ಇದೆ."

*

ಹತ್ತು ತಿಂಗಳ ಹಿಂದಿನ ಸಭೆಗೆ ಅಮ್ಮನನ್ನು ಲಾರಿಯಲ್ಲಿ ಕರೆದೊಯ್ದವಳು ಉನೈಸಿಯೇ. ಅಲುಮಿತಾ ಚರ್ಚಿಗೆ ಉಡುವ ಉಡುಪು ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಕೈಯಲ್ಲಿ ಹಳೇ ಬಿದಿರು ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದಳು. ಬಿದಿರಿನ ತುದಿ ಕಿಟಕಿಯಿಂದ ಹೊರಗೆ ಚಾಚಿಕೊಂಡದ್ದನ್ನು ನೋಡಿ ದಾರಿಯ ಜನ ಎಲ್ಲ ತಮಾಷೆ ಮಾಡಿದರು.

ಕಂಪನಿಯ ವಕೀಲ ಎದ್ದು ಕೇಳಿದ. "ತಾವು ಎಷ್ಟರವರೆಗೆ ಓದಿದ್ದೀರಿ?"

"ಆರನೇ ಕ್ಲಾಸು."

"ಪವರ್‌ಹೌಸಿನಲ್ಲಿ ತಮ್ಮ ಹುದ್ದೆ?"

"ಚಹಾ ಮಾಡ್ತಿದ್ದೆ. ಎಣ್ಣೆ ಅಳೀತಿದ್ದೆ. ಕಕ್ಕಸೂ ತೊಳೀತಿದ್ದೆ. ಅದನ್ನೂ ಬರ್ಕೊಳ್ಳಿ."

ಜನ ನಕ್ಕರು. ವಕೀಲನೂ ನಕ್ಕ. ಟ್ಯಾಂಕಿಗೆ ಬೀಗ ಬಿದ್ದು ಎರಡು ವರ್ಷವಾಗಿದೆ, ಈಗಿನ ಅಳತೆ ಈಕೆಗೆ ಹೇಗೆ ಗೊತ್ತು, ಇದು ಸಾಕ್ಷಿಯಲ್ಲ, ಬರೀ ನೆನಪು ಎಂದ. ಆಯೋಗದವರು ತಲೆ ಆಡಿಸಿ, ತಾತ್ಕಾಲಿಕವೆಂದು ದರ ಏರಿಸಿ, ಪೂರ್ತಿ ಅರ್ಜಿಯ ವಿಚಾರಣೆಯನ್ನು ಮುಂದಿನ ವರ್ಷಕ್ಕೆ ಹಾಕಿದರು. ತಾತ್ಕಾಲಿಕ!

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಅಲುಮಿತಾ, "ನೆನಪಂತೆ," ಎಂದಳು. "ಇಪ್ಪತ್ತಾರು ವರ್ಷ ಏಣಿ ಹತ್ತಿ ಮಂಡಿ ಸವೆದೋಯ್ತು. ಈ ನೋವೂ ನೆನಪೇನಾ? ಮುಂದಿನ ವರ್ಷ ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಅದಕ್ಕೆ ಉತ್ತರ ಹೇಳ್ಲಿ, ಸಾಕು."

ಆ ಒಂದು ಪ್ರಶ್ನೆಯನ್ನು ಬರೆಯಲು ಅವಳು ಒಂಬತ್ತು ಸಲ ಕಾಗದ ಹರಿದಳು.

*

ಚಪ್ಪರದಲ್ಲಿ ನಾದನಿಯೇಲಿ ಚಕ್ಕಳಮಕ್ಕಳ ಹಾಕಿ ಕೂತು, ಮರ್ಯಾದೆಯ ಎರಡನೆಯ ಬಟ್ಟಲು ಯಂಗೋನ ಬೇರಿನ ಪಾನಕ ಕುಡಿಯುತ್ತಿದ್ದ. ನಡುವೆ ಕಾಣಿಕೆಯ ರಾಶಿ. ಸುತ್ತಿದ ಚಾಪೆಗಳು, ಬಟ್ಟೆಯ ಥಾನುಗಳು, ಸೀಮೆಎಣ್ಣೆ ಡ್ರಮ್ಮು, ಎಲ್ಲಕ್ಕಿಂತ ಮೇಲೆ ಒಂದು ಬಟ್ಟಲಿನಲ್ಲಿ ಹದಿನಾಲ್ಕು ಹಲ್ಲು. ಕಂಪನಿಯ ಹಲ್ಲು ಎಲ್ಲಕ್ಕಿಂತ ದೊಡ್ಡದು, ಹಳದಿಗಟ್ಟಿದ್ದು. ಎಲ್ಲಿಂದ ಹೊಂದಿಸಿದ್ದರೋ.

ಉನೈಸಿ ನೆಟ್ಟಗೆ ನಡೆದು ಬಂದಳು. ಕೂತವರ ನಡುವೆ ತಲೆ ಬಗ್ಗಿಸಿ ನಡೆಯಬೇಕು, ಅವಳು ಬಗ್ಗಿಸಲಿಲ್ಲ. ರಾಶಿಗೆ ಕೈ ಹಾಕಿ ದೊಡ್ಡ ಹಲ್ಲಿನ ದಾರ ಹಿಡಿದು ಎತ್ತಿದಳು.

"ಈ ಮನೆ ವಸು ನಾನು. ಇದು ನನಗೆ ಬೇಕು."

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಅಷ್ಟರಲ್ಲಿ ಕೆಲೆರಾ ಕಿರುಚುತ್ತ ನುಗ್ಗಿದಳು. "ಕಳ್ಳಿ! ನಮ್ಮಪ್ಪನ ಮನೆ ದೋಚೋಕೆ ಬಂದ್ಯಾ? ತಗೋ! ತಗೋ ಇನ್ನೊಂದು!" ಕಡ್ಡಿಪೊರಕೆ ಬೆನ್ನಿಗೆ, ತೋಳಿಗೆ, ಕಾಲಿಗೆ ಬಿತ್ತು. ತಮಾಷೆಯ ಪೆಟ್ಟಲ್ಲ. ಕಡ್ಡಿಗಳು ಮುರಿದು ಹಾರಿದವು. ಮೊದಲು ಒಬ್ಬ ಮುದುಕಿ ನಕ್ಕಳು, ಆಮೇಲೆ ಹದಿಮೂರು ಊರಿನವರೂ ಹೊಟ್ಟೆ ಹಿಡಿದು ನಕ್ಕರು. ಕೆಲೆರಾ ಹೊಡೆಯುತ್ತ ಹೊಡೆಯುತ್ತ ಅಳತೊಡಗಿದ್ದಳು. "ಫ್ರಿಜ್ ಆರಿಸ್ತಿದ್ಲಂತೆ, ಔಷಧಿ ನೀರಾಗಿತ್ತಂತೆ! ನಮಗೊಂದು ಮಾತು ಹೇಳ್ಬಾರ್ದಿತ್ತಾ ಅತ್ತೆ!" ಎಂದು ಯಾರಿಗೋ ಹೊಡೆಯಬೇಕಾದ್ದನ್ನು ಉನೈಸಿಗೆ ಹೊಡೆದಳು. ಉನೈಸಿ ತಪ್ಪಿಸಿಕೊಳ್ಳಲಿಲ್ಲ. ಹಲ್ಲನ್ನು ಎದೆಗವಚಿ ಅಷ್ಟೂ ತಿಂದಳು.

ನಾದನಿಯೇಲಿ ಎದ್ದ. "ಅಪಿಸಾಯ್ ಅಣ್ಣ, ಇದೇನಿದು? ಮುಟ್ಟಿ ಒಪ್ಪಿದ ಮಾತು ಇದು."

ಅಪಿಸಾಯ್ ತನ್ನ ಜಾಗಕ್ಕೆ ಬಂದು ಕೂತಿದ್ದ. ಸಭೆಯ ದನಿಯಲ್ಲೇ ಉತ್ತರ ಕೊಟ್ಟ. "ಒಪ್ಪಿದ್ದು ನಿಜ. ಆದರೆ ಮಾತು ಹಲ್ಲಿನಲ್ಲಿರುತ್ತದೆ. ಹಲ್ಲನ್ನು ವಸು ಒಯ್ದಳು. ವಸುವಿನ ಕೈ ಹಿಡಿಯುವ ಶಕ್ತಿ ನಮಗೆ ಹಿರಿಯರು ಕೊಟ್ಟಿಲ್ಲ." ಆಮೇಲೆ ದನಿ ಇಳಿಸಿ ಹೇಳಿದ. "ನೀನೂ ಇದೇ ನೆಲದೋನಲ್ವೇನೋ. ನಿನಗೆ ಗೊತ್ತಿಲ್ದೆ ಇರುತ್ತಾ?"

ಉನೈಸಿ ಚಪ್ಪರದಿಂದಾಚೆ ಹೋಗಿ, ಕಂಪನಿಯ ಗಾಡಿಯ ಬಾಗಿಲು ತೆಗೆದು, ಮ್ಯಾನೇಜರ್ ಕೂರುವ ಸೀಟಿನ ಮೇಲೆ ಹಲ್ಲನ್ನಿಟ್ಟು ಬಾಗಿಲು ದಢಾರನೆ ಹಾಕಿದಳು. ತಿರುಗಿದಾಗ ಎದುರಿಗೆ ನೀಲಿ ಅಂಗಿಯ ಪೆನಿಯಾಸಿ ನಿಂತಿದ್ದ.

"ನೀನೂ ಬಂದ್ಯಲ್ಲೋ ಅವನ ಬಾಲ ಹಿಡ್ಕೊಂಡು," ಎಂದಳು.

"ಬಾ ಅಂದ್ರು. ಬಂದೆ." ಅವನು ಮುಖ ಎತ್ತಲಿಲ್ಲ. "ಅತ್ತೆ ಔಷಧಿ ವಿಷಯ ನನಗೂ ಗೊತ್ತಿರ್ಲಿಲ್ಲ."

"ಬೇರೆ ಏನೇನು ಗೊತ್ತಿದೆ ನಿನಗೆ?"

ನಾದನಿಯೇಲಿ ಬಂದು ಗಾಡಿಯೇರಿ ಹಾರ್ನ್ ಬಾರಿಸಿದಾಗ ನಾಲ್ಕು ನೀಲಿ ಅಂಗಿಗಳು ಗಾಡಿ ಹತ್ತಿದವು. ಪೆನಿಯಾಸಿ, "ಮಣ್ಣು ಮಾಡಿ ಬರ್ತೀನಿ ಸರ್," ಎಂದು ಹಿಂದೆ ಉಳಿದ.

ಹನ್ನೊಂದಕ್ಕೆ ಮಣ್ಣಾಯಿತು. ಪಾದ್ರಿ ಸಾವು ದೇವರ ಇಚ್ಛೆ ಎಂದ. ಉನೈಸಿಗೆ ಅವನ ಮೇಲೂ ಸಿಟ್ಟು ಬಂತು. ಪೆನಿಯಾಸಿ ಚಪ್ಪಲಿ ಬಿಚ್ಚಿಟ್ಟು, ಯಾರಿಗೂ ಸಲಿಕೆ ಬಿಟ್ಟುಕೊಡದೆ, ಗುಂಡಿ ತುಂಬುವವರೆಗೆ ಒಬ್ಬನೇ ಮಣ್ಣೆಳೆದ.

*

ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಉನೈಸಿ ಲಾರಿಯಲ್ಲಿ ಎರಡು ಸಲ ಓಡಾಡಿ ಸಾವಿಗೆ ಬಂದವರನ್ನೆಲ್ಲ ತಂದು ಇಳಿಸಿದ್ದಳು. ಎಲ್ಲರೂ ಕಪ್ಪು ಉಡುಪಿನಲ್ಲಿದ್ದರು, ಸಾವಿನ ಮರ್ಯಾದೆಗೆಂದು ಸೊಂಟಕ್ಕೆ ಚಾಪೆ ಸುತ್ತಿದವರು ಹಾಗೇ ಬಂದಿದ್ದರು. ಕಂಪನಿಯವರಿಗೆ ಒಂದು ಪಕ್ಕದಲ್ಲಿ ಕುರ್ಚಿಗಳ ಸಾಲು. ಪೆನಿಯಾಸಿ ಬಾಗಿಲಲ್ಲಿ ಒಂದು ಕ್ಷಣ ನಿಂತು, ನಾದನಿಯೇಲಿ ಕಣ್ಣಲ್ಲೇ ಕರೆದಾಗ, ಹೋಗಿ ಆ ಸಾಲಿನ ಕೊನೆಯಲ್ಲಿ ಕೂತ.

"ತಕರಾರು, ಅಲುಮಿತಾ," ಎಂದು ಗುಮಾಸ್ತ ಕೂಗಿದ.

ವಕೀಲ ಎದ್ದ. "ಮೇಡಂ, ಆಕೆ ತೀರಿಕೊಂಡಿದ್ದಾರೆ. ವಿಷಾದದ ಸಂಗತಿ. ಹಾಗಾಗಿ ಈ ತಕರಾರನ್ನು ಕೈಬಿಡಬಹುದು."

ಆಯೋಗದ ಅಧ್ಯಕ್ಷೆ ನರೆಗೂದಲಿನ, ದಪ್ಪ ಕನ್ನಡಕದ ಹೆಂಗಸು. ಕಪ್ಪು ಉಟ್ಟ ಜನರನ್ನೊಮ್ಮೆ ನೋಡಿದಳು. "ಮನೆಯವರು ಯಾರಾದರೂ ಇದ್ದೀರಾ?"

"ಮಗಳು ನಾನು." ಉನೈಸಿ ಎದ್ದಳು. ತೋಳಿನ ಮೇಲೆ ಪೊರಕೆಯ ಬಾಸುಂಡೆಗಳು ಕೆಂಪಗಿದ್ದವು. "ನಮ್ಮಮ್ಮ ಬರೆದಿರೋದು ಒಂದೇ ಸಾಲು. ಓದ್ತೀನಿ. ಸೋಮವಾರ ಬೆಳಿಗ್ಗೆ, ಹೊಸ ಎಣ್ಣೆ ತುಂಬೋ ಮೊದಲು, ಟ್ಯಾಂಕಲ್ಲಿ ಎಷ್ಟು ಉಳಿದಿರುತ್ತೆ?"

"ಅಷ್ಟೇನಾ?"

"ಅಷ್ಟೇ. ವಾರಕ್ಕೊಂದು ಟ್ಯಾಂಕ್ ಖಾಲಿ ಅಂತ ನಮ್ಮತ್ರ ದುಡ್ಡು ವಸೂಲಿ ಮಾಡ್ತಿದಾರಲ್ಲ. ಖಾಲಿ ಆಗಿರುತ್ತಾ, ಇಲ್ವಾ ಅಂತ ಹೇಳ್ಲಿ."

ಅಧ್ಯಕ್ಷೆ ಮ್ಯಾನೇಜರನ ಕಡೆ ತಿರುಗಿದಳು. ನಾದನಿಯೇಲಿ ಅಂಗಿ ಸರಿಮಾಡಿಕೊಂಡು ಎದ್ದ.

"ಏನೂ ಉಳಿಯಲ್ಲ ಮೇಡಂ. ಭಾನುವಾರ ಸಂಜೆಗೆಲ್ಲ ತಳ ಕಾಣುತ್ತೆ. ಅರ್ಜಿಯಲ್ಲಿ ಎಲ್ಲಾ ಇದೆ."

"ಥೂ!" ಎಂದರು ಹಿಂದಿನಿಂದ ಯಾರೋ. ಅಧ್ಯಕ್ಷೆ ಮೇಜು ತಟ್ಟಿದಳು. "ಇದಕ್ಕೆ ಬೇರೆ ಸಾಕ್ಷಿ ಇದೆಯೇನಮ್ಮ ನಿನ್ನ ಹತ್ತಿರ?"

ಉನೈಸಿಯ ಕೈಯಲ್ಲಿ ಆ ಕಾಗದ ಬಿಟ್ಟರೆ ಏನೂ ಇರಲಿಲ್ಲ. "ಬೀಗ ಅವರತ್ರ ಇದೆ ಮೇಡಂ," ಎಂದಳು. "ನಾವು ಎಲ್ಲಿಂದ ತರೋದು ಸಾಕ್ಷಿ?"

"ಹಾಗಾದರೆ..." ಎಂದು ಅಧ್ಯಕ್ಷೆ ಪೆನ್ನು ಎತ್ತಿಕೊಂಡಳು.

ಕಂಪನಿಯ ಸಾಲಿನ ಕೊನೆಯಲ್ಲಿ ಕುರ್ಚಿ ಕಿರ್ರೆಂದಿತು. ಪೆನಿಯಾಸಿ ಎದ್ದು ನಿಂತಿದ್ದ. ಬರಿಗಾಲು, ಮಂಡಿಯವರೆಗೆ ಒಣಗಿದ ಕೆಂಪು ಮಣ್ಣು.

"ಬೀಗದ ಕೈ ನನ್ನ ಹತ್ರ ಇರೋದು," ಎಂದ.

"ಪೆನಿಯಾಸಿ, ಕೂತ್ಕೋ," ಎಂದ ನಾದನಿಯೇಲಿ.

"ಸೋಮವಾರ ಎಣ್ಣೆ ತುಂಬೋನು ನಾನೇ ಮೇಡಂ. ತುಂಬೋ ಮೊದಲು ಕೋಲು ಇಳಿಸಿ ನೋಡ್ತೀನಿ. ಯಾವ ಸೋಮವಾರನೂ ತಳ ಕಂಡಿಲ್ಲ."

"ಕೂತ್ಕೋ ಅಂದೆ! ನಾಳೆಯಿಂದ ಮನೇಲೇ ಇರ್ತೀಯ ನೋಡು."

"ಇರ್ತೀನಿ ಸರ್."

ಮೊದಲ ಸಾಲಿನಲ್ಲಿದ್ದ ಅಪಿಸಾಯ್ ಮಗನ ಕಡೆ ಅರ್ಧ ಎದ್ದವನು ಹಾಗೇ ನಿಂತ. ಅಧ್ಯಕ್ಷೆ ಪೆನ್ನು ಕೆಳಗಿಟ್ಟಳು. "ಎಷ್ಟು ಉಳಿದಿರುತ್ತಪ್ಪ? ಎಷ್ಟು ಲೀಟರು?"

"ಲೀಟರು ಲೆಕ್ಕ ನನಗೆ ಬರಲ್ಲ. ಕೋಲು ಎತ್ತಿ ನನ್ನ ಪಕ್ಕ ನೆಲಕ್ಕೆ ಊರಿ ನೋಡ್ತೀನಿ. ನೆಂದಿರೋದು ಇಲ್ಲಿಗೆ ಬರುತ್ತೆ." ಅವನು ಅಂಗೈಯನ್ನು ತೊಡೆಗೆ ಅಡ್ಡವಾಗಿ ಒತ್ತಿ ತೋರಿಸಿದ. "ಟ್ಯಾಂಕಿನ ಆಳ ನನ್ನೆತ್ತರದಷ್ಟೇ."

ಜನರ ನಡುವೆ ಗುಜುಗುಜು ಎದ್ದಿತು. ವಕೀಲ ಅವಸರದಲ್ಲಿ ಎದ್ದ. "ಮೇಡಂ, 'ಇಲ್ಲಿಗೆ' ಅಂದರೆ ಎಲ್ಲಿಗೆ? ಇದನ್ನು ದಾಖಲೆಯಲ್ಲಿ ಏನಂತ ಬರೆಯುವುದು? ಒಬ್ಬ ಕೂಲಿಯ ತೊಡೆ ಅಂತಲೇ?"

ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲೆರಾ ತನ್ನ ಚೀಲದಲ್ಲಿ ಕೈಯಾಡಿಸಿ, ಸುರುಳಿ ಸುತ್ತಿದ ಅಳತೆ ಟೇಪು ತೆಗೆದು, ತಲೆಗಳ ಮೇಲಿಂದ ಮುಂದಕ್ಕೆ ದಾಟಿಸಿದಳು. ಅದು ಕೈಯಿಂದ ಕೈಗೆ ಸಾಗಿ ಮೇಜಿನ ಮೇಲೆ ಬಂದು ಬಿತ್ತು. ಅಧ್ಯಕ್ಷೆ ಅದನ್ನು ನೋಡಿದಳು, ವಕೀಲನನ್ನು ನೋಡಿದಳು, ಆಮೇಲೆ ಗುಮಾಸ್ತನಿಗೆ, "ಹೋಗಿ," ಎಂದಳು.

ಬಿಳಿ ಅಂಗಿಯ ಗುಮಾಸ್ತ ಎದ್ದು, ಸಾಲು ದಾಟಿ, ಪೆನಿಯಾಸಿಯ ಮುಂದೆ ಮೊಣಕಾಲೂರಿ ಕೂತ. ಟೇಪಿನ ತುದಿಯನ್ನು ಅವನ ಮಣ್ಣು ಮೆತ್ತಿದ ಪಾದದ ಪಕ್ಕ ನೆಲಕ್ಕೆ ಒತ್ತಿ ಹಿಡಿದು, ಮೆಲ್ಲಗೆ ಮೇಲಕ್ಕೆ ಎಳೆಯುತ್ತ ಬಂದ. ಪೆನಿಯಾಸಿಯ ಮೈ ಗಡಗಡ ನಡುಗುತ್ತಿತ್ತು. ತೊಡೆಯ ಮೇಲಿನ ಅಂಗೈ ಮಾತ್ರ ಇಟ್ಟ ಜಾಗ ಬಿಟ್ಟು ಅಲುಗಲಿಲ್ಲ.